ಕೇಳುವುದು ಅಂದರೆ ಮಾಡುವುದು: ದೇವರ ಕರೆಯ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಂತಿವೆ. ದೇವರು ಕರೆದರೆ ಗೊತ್ತಾಗುವುದು ಹೇಗೆ, ಗೊತ್ತಾದ ಮೇಲೆ ಹೆಜ್ಜೆ ಇಡುವುದು ಹೇಗೆ? ಒಂದೇ ತೆರನಾದ ಪ್ರಶ್ನೆಗಳನ್ನು ಕೂಡಿಸಿ, ಹೆಸರುಗಳನ್ನು ತೆಗೆದು ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ಆರು ತಿಂಗಳಿಂದ ದೇವರು ನನ್ನನ್ನು ಸೇವೆಗೆ ಕರೆಯುತ್ತಿದ್ದಾರೆ ಅನಿಸುತ್ತಿದೆ. ಪ್ರಾರ್ಥನೆಗೆ ಕೂತರೆ ಕಣ್ಣೀರು ಬರುತ್ತದೆ. ಆದರೆ ಇದು ದೇವರ ಧ್ವನಿಯೋ ನನ್ನದೇ ಆಸೆಯೋ ಬಗೆಹರಿಯುತ್ತಿಲ್ಲ. ಪರೀಕ್ಷಿಸಿ ನೋಡುವ ದಾರಿ ಇದೆಯೇ?

ಉತ್ತರ: ಇದೆ, ಆದರೆ ಒಂದು ವಾರದಲ್ಲಿ ಮುಗಿಯುವಂಥದ್ದಲ್ಲ. ಮುಂದೆ ಪ್ರವಾದಿಯಾದ ಸಮುವೇಲನಂಥ ಸಮುವೇಲನೇ ಹುಡುಗನಾಗಿದ್ದಾಗ ಮೂರು ಸಲ ದೇವರ ಧ್ವನಿಯನ್ನು ಯಾಜಕ ಏಲಿಯ ಧ್ವನಿ ಎಂದುಕೊಂಡು ಹಾಸಿಗೆ ಬಿಟ್ಟು ಓಡಿದ (ಸತ್ಯವೇದದ 1 ಸಮುವೇಲ, ಅಧ್ಯಾಯ 3). ಹಾಗಾಗಿ ಗೊಂದಲವಾಗಿದ್ದಕ್ಕೆ ನಾಚಬೇಕಿಲ್ಲ. ಆ ಹುಡುಗನ ಗೊಂದಲವನ್ನು ಬಿಡಿಸಿದ್ದು ಇನ್ನೊಂದು ದರ್ಶನವಲ್ಲ, ಕಣ್ಣು ಮಂಜಾಗಿದ್ದ ಮುದುಕ. ಏಲಿಯ ಸ್ವಂತ ಮನೆ ನೆಟ್ಟಗಿರಲಿಲ್ಲ, ಮಕ್ಕಳು ಹಾದಿ ತಪ್ಪಿದ್ದರು. ಆದರೂ ಕರೆಯುತ್ತಿರುವುದು ಯಾರೆಂದು ಗುರುತಿಸಿ, ಏನೆಂದು ಓಗೊಡಬೇಕು ಎಂದು ಕಲಿಸಿಕೊಟ್ಟವನು ಅವನೇ.

ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಮಗೆ ಅನಿಸಿದ್ದನ್ನು ತಾರೀಖು ಹಾಕಿ ಒಂದೇ ವಾಕ್ಯದಲ್ಲಿ ಬರೆಯಿರಿ. ‘ಸೇವೆಗೆ ಕರೆದಿದ್ದಾರೆ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಯಾರ ಸೇವೆಗೆ, ಯಾವ ಕೆಲಸಕ್ಕೆ? ಅಬ್ರಾಮನಿಗೆ ಹೋಗುವ ದೇಶದ ಹೆಸರು ಗೊತ್ತಿರಲಿಲ್ಲ ನಿಜ, ಆದರೆ ಏನನ್ನು ಬಿಡಬೇಕು ಎಂಬುದು ಸ್ವದೇಶ, ಬಂಧುಬಳಗ, ತಂದೆಯ ಮನೆ ಎಂದು ಒಂದೊಂದಾಗಿ ಗೊತ್ತಿತ್ತು (ಆದಿ. 12:1). ವಾಕ್ಯದ ಪಕ್ಕದಲ್ಲೇ ಆ ದಿನ ನಿಮ್ಮ ಸ್ಥಿತಿ ಹೇಗಿತ್ತು ಎಂದೂ ಬರೆಯಿರಿ. ಕೆಲಸದ ಜಾಗದಲ್ಲಿ ಬೈಸಿಕೊಂಡು ಬಂದಿದ್ದಿರಾ? ಮದುವೆ ಮಾತು ಮುರಿದಿತ್ತೇ? ದೊಡ್ಡ ಕೂಟ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದಿರಾ? ರಾತ್ರಿ ನಿದ್ದೆ ಇರಲಿಲ್ಲವೇ? ಮೂರು ತಿಂಗಳು ಬಿಟ್ಟು ಪುಟಗಳನ್ನು ತಿರುವಿ ಹಾಕಿ. ಮನಸ್ಸು ನೊಂದ ದಿನ ಮಾತ್ರ ಕರೆ ಕೇಳಿಸಿದ್ದರೆ, ಅದು ಇರುವ ಕಡೆಯಿಂದ ತಪ್ಪಿಸಿಕೊಳ್ಳುವ ಆಸೆ. ನೆಮ್ಮದಿಯ ದಿನಗಳಲ್ಲೂ, ಬೇರೆ ಕೆಲಸದಲ್ಲಿ ಮುಳುಗಿದ್ದಾಗಲೂ ಅದೇ ಮಾತು ಮತ್ತೆ ಮತ್ತೆ ಬಂದಿದ್ದರೆ ಗಂಭೀರವಾಗಿ ತೆಗೆದುಕೊಳ್ಳಿ. ಕಣ್ಣೀರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಅದು ನಿಜವಾದ ಕರೆಗೂ ಬರುತ್ತದೆ, ಒಳ್ಳೆಯ ಹಾಡಿಗೂ ಬರುತ್ತದೆ.

ಆಮೇಲೆ ಸತ್ಯವೇದ. ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಟ್ಟಲ್ಲಿ ಸಿಕ್ಕ ವಚನವನ್ನು ಉತ್ತರವೆಂದು ಹಿಡಿಯುವ ಅಭ್ಯಾಸ ಇನ್ನೂ ಹೋಗಿಲ್ಲ. ಅದರಲ್ಲಿನ ದೋಷ ಸರಳ: ಬೇಡದ ವಚನ ಬಂದರೆ ನಾವು ಇನ್ನೊಂದು ಸಲ ತೆರೆಯುತ್ತೇವೆ, ಬೇಕಾದ್ದು ಬಂದ ಕೂಡಲೇ ನಿಲ್ಲಿಸುತ್ತೇವೆ. ಅದರ ಬದಲು ಒಂದು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿ. ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯಗಳಿವೆ, ದಿನಕ್ಕೊಂದರಂತೆ 16 ದಿನ. ಪ್ರತಿ ಅಧ್ಯಾಯ ಮುಗಿದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ನನಗೆ ಈಗಾಗಲೇ ಗೊತ್ತಿದ್ದೂ ನಾನು ಮಾಡದೆ ಇರುವುದು ಯಾವುದು? ಕ್ಷಮಿಸದ ಅಣ್ಣ, ತೀರಿಸದ ಸಾಲ, ಹೇಳಿದ ಸುಳ್ಳು. ಬಗೆಹರಿಯದ ಕರೆ ಎಂದುಕೊಂಡಿದ್ದು ಎಷ್ಟೋ ಸಲ ಇಂಥ ಬಗೆಹರಿದ ಮಾತೊಂದರ ಹಿಂದೆ ಸಿಕ್ಕಿಕೊಂಡಿರುತ್ತದೆ.

ಮೂರನೆಯದು ಜನ. ಮೂವರನ್ನು ಆರಿಸಿಕೊಳ್ಳಿ: ನಿಮ್ಮ ಸಭಾಪಾಲಕರು ಅಥವಾ ಸಭೆಯ ಒಬ್ಬ ಹಿರಿಯರು, ದಿನವೂ ನಿಮ್ಮನ್ನು ನೋಡುವ ಒಬ್ಬರು, ಮತ್ತು ‘ಬೇಡ’ ಎನ್ನುವ ಧೈರ್ಯವಿರುವ ಒಬ್ಬರು. ಈ ಮೂರನೆಯವರನ್ನು ಬಿಟ್ಟುಬಿಡುವುದೇ ಸಾಮಾನ್ಯ ತಪ್ಪು. ಅವರ ಮುಂದೆ ‘ದೇವರು ನನಗೆ ಹೇಳಿದ್ದಾರೆ’ ಎಂದು ಶುರುಮಾಡಿದರೆ ಮಾತು ಅಲ್ಲಿಗೇ ಮುಗಿಯಿತು, ದೇವರಿಗೆ ಎದುರಾಡುವವರು ಯಾರು? ‘ನನಗೆ ಹೀಗೆ ಅನಿಸುತ್ತಿದೆ, ಇದಕ್ಕೆ ಬೇಕಾದ ವರವನ್ನು ನನ್ನಲ್ಲಿ ಎಂದಾದರೂ ಕಂಡಿದ್ದೀರಾ? ಯಾವಾಗ, ಎಲ್ಲಿ?’ ಎಂದು ಕೇಳಿ. ಅಪೊಸ್ತಲ ಪೌಲನಿಗೆ ತ್ರೋವ ಪಟ್ಟಣದಲ್ಲಿ ರಾತ್ರಿ ದರ್ಶನವಾಯಿತು. ಆದರೆ ಮಕೆದೋನ್ಯಕ್ಕೆ ಹೋಗಲು ದೇವರು ಕರೆದಿದ್ದಾನೆಂದು ನಿಶ್ಚಯಿಸಿಕೊಂಡದ್ದು ‘ನಾವು’ ಎಂದು ಜೊತೆಗಿದ್ದ ಲೂಕ ಬರೆಯುತ್ತಾನೆ (ಅಪೊಸ್ತಲರ ಕೃತ್ಯಗಳು, ಅಂದರೆ ಅ. ಕೃ. 16:10). ದರ್ಶನ ಒಬ್ಬನದು, ತೀರ್ಮಾನ ಎಲ್ಲರದು. ಅಂತಿಯೋಕ್ಯದಲ್ಲೂ ಹಾಗೇ. ಬಾರ್ನಬ ಮತ್ತು ಸೌಲರನ್ನು (ಸೌಲ ಎಂಬುದು ಪೌಲನ ಇನ್ನೊಂದು ಹೆಸರು) ಪ್ರತ್ಯೇಕಿಸಿರಿ ಎಂಬ ಮಾತು ಬಂದದ್ದು ಉಪವಾಸ ಪ್ರಾರ್ಥನೆಯಲ್ಲಿ ಕೂಡಿದ್ದವರ ನಡುವೆ (ಅ. ಕೃ. 13:1–3).

ನಾಲ್ಕನೆಯದು, ಕರೆಯ ಒಂದು ಚಿಕ್ಕ ತುಂಡನ್ನು ಈಗಲೇ ಮಾಡಿ ನೋಡಿ. ಮಕ್ಕಳ ನಡುವೆ ಕೆಲಸ ಮಾಡಲು ಕರೆ ಎಂದಾದರೆ ವಾರಕ್ಕೆ ಎರಡು ಗಂಟೆ ಸಂಡೇ ಸ್ಕೂಲಿಗೆ ಕೊಡಿ, ಆರು ತಿಂಗಳು ತಪ್ಪಿಸದೆ. ರೋಗಿಗಳ ನಡುವೆ ಎಂದಾದರೆ ಹಾಸಿಗೆ ಹಿಡಿದ ಇಬ್ಬರನ್ನು ವಾರವಾರ ಭೇಟಿಮಾಡಿ. ಮೊದಲ ತಿಂಗಳು ಉತ್ಸಾಹ ನಡೆಸುತ್ತದೆ, ಎರಡನೆಯದರಲ್ಲಿ ಬೇಸರ ಬರುತ್ತದೆ. ಮೂರು ನಾಲ್ಕನೇ ತಿಂಗಳಲ್ಲಿ ನೀವು ಏನಾಗಿದ್ದೀರಿ ಎಂಬುದೇ ಉತ್ತರ. ವೇದಿಕೆ ಇಲ್ಲದಿದ್ದರೂ ಮಾಡಬೇಕೆನಿಸುತ್ತಿದೆಯೇ? ನಿಮ್ಮಿಂದ ಆ ಜನರಿಗೆ ನಿಜವಾಗಿ ಏನಾದರೂ ಪ್ರಯೋಜನವಾಗುತ್ತಿದೆಯೇ?

ಸಂದರ್ಭಗಳನ್ನು, ಅಂದರೆ ‘ಬಾಗಿಲು ತೆರೆಯಿತು’ ಎನ್ನುವುದನ್ನು, ಎಲ್ಲಕ್ಕಿಂತ ಕೊನೆಗೆ ತೂಗಿ ನೋಡಿ. ದೇವರಿಂದ ಓಡಿಹೋಗುತ್ತಿದ್ದ ಯೋನನಿಗೂ ಯೊಪ್ಪದಲ್ಲಿ ತಾರ್ಷೀಷಿಗೆ ಹೊರಟ ಹಡಗು ಸಿದ್ಧವಾಗಿಯೇ ಸಿಕ್ಕಿತ್ತು, ಪ್ರಯಾಣದ ದರಕ್ಕೆ ಕೈಯಲ್ಲಿ ಹಣವೂ ಇತ್ತು (ಯೋನ 1:3).

ಇಷ್ಟಾದ ಮೇಲೂ ನೂರಕ್ಕೆ ನೂರು ಖಾತ್ರಿ ಸಿಗದೆ ಇರಬಹುದು. ಯೆರೆಮೀಯನಿಗೆ, ಸೋದರಸಂಬಂಧಿ ಹನಮೇಲ ಬಂದು ಅನಾತೋತಿನ ಹೊಲವನ್ನು ಕೊಂಡುಕೋ ಎನ್ನುವನು ಎಂಬ ಮಾತು ಮೊದಲೇ ಬಂದಿತ್ತು. ಆದರೆ ಹನಮೇಲ ನಿಜವಾಗಿ ಬಂದು ನಿಂತಾಗಲೇ ‘ಇದು ಯೆಹೋವನ ಮಾತೆಂದು ತಿಳಿದುಕೊಂಡೆ’ ಎನ್ನುತ್ತಾನೆ (ಯೆರೆ. 32:8). ಪ್ರವಾದಿಯೇ ಕಾದು ನೋಡಿದ. ನಂತರ, ಪಟ್ಟಣಕ್ಕೆ ಶತ್ರು ಮುತ್ತಿಗೆ ಹಾಕಿದ್ದಾಗಲೇ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಪತ್ರಕ್ಕೆ ಸಾಕ್ಷಿ ಹಾಕಿಸಿದ. ಹಣ ಕೊಟ್ಟಾದ ಮೇಲೂ ‘ಇದೇನು ದೇವರೇ’ ಎಂಬಂತೆ ಪ್ರಾರ್ಥಿಸಿದ. ವಿಧೇಯನಾಗಲು ಎಲ್ಲ ಸಂದೇಹ ಮುಗಿಯುವವರೆಗೆ ಅವನು ಕೂತಿರಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ, ಮುಂದಿನ ಉತ್ತರಗಳಿಗೂ ಬೇಕಾಗುತ್ತದೆ. ಇಬ್ರಿಯ ಭಾಷೆಯ ‘ಶಮಾ’ ಎಂಬ ಕ್ರಿಯಾಪದಕ್ಕೆ ಕಿವಿಯಿಂದ ಕೇಳುವುದು, ಹೇಳಿದಂತೆ ನಡೆಯುವುದು ಎಂಬ ಎರಡೂ ಅರ್ಥಗಳಿವೆ. ನಮಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ‘ಈ ಹುಡುಗ ಮಾತು ಕೇಳೋದಿಲ್ಲ’ ಎಂದು ಅಮ್ಮ ಅಂದರೆ ಅವನಿಗೆ ಕಿವುಡು ಎಂದು ಯಾರೂ ತಿಳಿಯುವುದಿಲ್ಲ.

ಪ್ರಶ್ನೆ: ನನಗೆ ಸಂಬಳದ ಕೆಲಸ, ಇಬ್ಬರು ಮಕ್ಕಳು, ಮನೆ ಸಾಲ. ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಬರಬೇಕೆಂಬ ಒತ್ತಾಸೆ ಬಲವಾಗಿದೆ. ‘ಲೆಕ್ಕ ಹಾಕುವುದೇ ಅಪನಂಬಿಕೆ, ನೇಗಿಲಿಗೆ ಕೈ ಹಾಕಿ ಹಿಂದೆ ನೋಡಬೇಡ’ ಎನ್ನುತ್ತಾರೆ ಒಬ್ಬ ಸೇವಕರು. ರಾಜೀನಾಮೆ ಕೊಡಲೇ?

ಉತ್ತರ: ಈ ತಿಂಗಳು ಬೇಡ.

ನೇಗಿಲಿನ ಮಾತನ್ನು ಹೇಳಿದ ಯೇಸುವೇ, ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಮಾಡುವುದಿಲ್ಲವೇ ಎಂದೂ ಕೇಳಿದ್ದಾನೆ (ಲೂಕ 9:62, 14:28). ಎರಡೂ ಮಾತು ಶಿಷ್ಯತ್ವದ ಬೆಲೆಯ ಬಗ್ಗೆಯೇ. ಲೆಕ್ಕ ಹಾಕುವುದು ಅಪನಂಬಿಕೆಯಾಗಿದ್ದರೆ ನೆಹೆಮೀಯನಷ್ಟು ಅಪನಂಬಿಕೆಯವನು ಇನ್ನೊಬ್ಬನಿಲ್ಲ. ಪಾರಸಿಯ ಅರಸನ ಪಾನಸೇವಕನಾಗಿದ್ದ ಅವನಿಗೆ ಯೆರೂಸಲೇಮಿನ ಗೋಡೆ ಕೆಡವಿ ಬಿದ್ದಿರುವ ಸುದ್ದಿ ಕಿಸ್ಲೇವ್ ತಿಂಗಳಲ್ಲಿ ಬಂತು, ಅರಸನ ಮುಂದೆ ಬಾಯಿ ಬಿಟ್ಟದ್ದು ನೀಸಾನ್ ತಿಂಗಳಲ್ಲಿ. ಸುಮಾರು ನಾಲ್ಕು ತಿಂಗಳ ಪ್ರಾರ್ಥನೆ. ಅರಸ ಏನು ಬೇಕೆಂದು ಕೇಳಿದಾಗ ಎಷ್ಟು ಕಾಲ ಬೇಕು, ಯಾವ ಅಧಿಪತಿಗಳಿಗೆ ಪತ್ರ ಬೇಕು, ಮರ ಎಲ್ಲಿಂದ ಬರಬೇಕು ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಊರು ತಲುಪಿದ ಮೇಲೂ ಯಾರಿಗೂ ಹೇಳದೆ ರಾತ್ರಿ ಹೊತ್ತು ಗೋಡೆಯನ್ನು ಪರೀಕ್ಷಿಸಿದ. 52 ದಿನಗಳಲ್ಲಿ ಗೋಡೆ ಎದ್ದದ್ದು ಆಮೇಲೆ (ನೆಹೆ. 1–2, 6:15).

ಹಾಗಾದರೆ ನಿಮ್ಮ ಲೆಕ್ಕ ಏನು? ಮೊದಲು ಹನ್ನೆರಡು ತಿಂಗಳ ಖರ್ಚನ್ನು ಬರೆದಿಡಿ, ಊಹೆಯಿಂದಲ್ಲ, ನಿಜವಾಗಿ ಆದದ್ದನ್ನು. ಶಾಲೆಯ ಫೀಸು, ವಿಮೆ, ವಯಸ್ಸಾದ ತಂದೆ ತಾಯಿಯ ಔಷಧಿ ಹೀಗೆ ವರ್ಷಕ್ಕೊಮ್ಮೆ ಬರುವ ಖರ್ಚುಗಳೇ ಮರೆತುಹೋಗುವುದು, ಸೇವೆಗೆ ಇಳಿದವರು ಎಡವುವುದೂ ಅಲ್ಲಿಯೇ. ನಂತರ ಸಾಲ. ಬಡ್ಡಿಯ ಸಾಲವನ್ನು ಹೊತ್ತುಕೊಂಡು ‘ನಂಬಿಕೆಯಿಂದ’ ಸಂಬಳ ಬಿಡುವುದು ನಿಮ್ಮ ನಂಬಿಕೆಯನ್ನಲ್ಲ, ಸಾಲ ಕೊಟ್ಟವರ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಕೈಸಾಲಗಳನ್ನು ಪೂರ್ತಿ ತೀರಿಸಿ. ಮನೆ ಸಾಲವನ್ನು ತೀರಿಸಲಾಗದಿದ್ದರೆ, ಸಂಬಳ ನಿಂತರೂ ಕಂತು ಎಲ್ಲಿಂದ ಬರುತ್ತದೆಂದು ಕಾಗದದ ಮೇಲೆ ತೋರಿಸಲು ಸಾಧ್ಯವಾಗುವವರೆಗೆ ಕಾಯಿರಿ, ಇಲ್ಲವೇ ಚಿಕ್ಕ ಮನೆಗೆ ಹೋಗಲು ತಯಾರಾಗಿ. ಈ ಕೊನೆಯ ಮಾತಿಗೆ ಮನಸ್ಸು ಒಪ್ಪದಿದ್ದರೆ ಅದೂ ನಿಮಗೆ ಏನನ್ನೋ ಹೇಳುತ್ತಿದೆ. ಆರು ತಿಂಗಳ ಮನೆಖರ್ಚು ಪ್ರತ್ಯೇಕವಾಗಿರಲಿ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆಯಾದವನು ಎಂಬ ಮಾತು (1 ತಿಮೊ. 5:8) ಸೇವಕರಿಗೆ ವಿನಾಯಿತಿ ಕೊಟ್ಟಿಲ್ಲ.

ಮುಂದಿನ ಪ್ರಶ್ನೆ, ನಿಮ್ಮನ್ನು ಕಳುಹಿಸುತ್ತಿರುವವರು ಯಾರು? ಯಾವ ಸಭೆಗೆ ಅಥವಾ ಸಂಸ್ಥೆಗೆ ವರದಿ ಒಪ್ಪಿಸುತ್ತೀರಿ, ಹಣವನ್ನು ನಿಮ್ಮ ಜೊತೆ ಇನ್ನಾರು ಎಣಿಸುತ್ತಾರೆ, ನೀವು ತಪ್ಪಿದರೆ ತಡೆಯುವವರು ಯಾರು? ಈ ಮೂರಕ್ಕೂ ಹೆಸರು ಹೇಳಲಾಗದಿದ್ದರೆ ಇನ್ನೂ ಹೊರಡುವ ಹೊತ್ತಾಗಿಲ್ಲ. ಬಡವರಿಗಾಗಿ ಕೂಡಿಸಿದ ಹಣವನ್ನು ಪೌಲ ಒಬ್ಬನೇ ಒಯ್ಯಲಿಲ್ಲ. ಯಾರೂ ತಪ್ಪು ಹೊರಿಸದ ಹಾಗೆ ಜೊತೆಗೆ ಬೇರೆಯವರನ್ನೂ ಇಟ್ಟುಕೊಂಡ (2 ಕೊರಿಂ. 8:19–21).

ಪೂರ್ಣಾವಧಿ ಎಂಬುದು ಮೇಲಿನ ದರ್ಜೆಯೂ ಅಲ್ಲ. ಕೊರಿಂಥದಲ್ಲಿ ಪೌಲ ಗುಡಾರ ಮಾಡುವ ಕಸುಬು ಹಿಡಿದು ಕೆಲಸ ಮಾಡಿದ (ಅ. ಕೃ. 18:3). ಸುವಾರ್ತೆ ಸಾರುವವರಿಗೆ ಅದರಿಂದಲೇ ಜೀವನ ನಡೆಯಬೇಕೆಂಬ ಹಕ್ಕನ್ನು ಗಟ್ಟಿಯಾಗಿ ಸ್ಥಾಪಿಸಿ, ಅದೇ ಉಸಿರಿನಲ್ಲಿ ‘ನಾನು ಅದನ್ನು ಬಳಸಲಿಲ್ಲ’ ಎಂದ (1 ಕೊರಿಂ. 9:14–15). ಎರಡೂ ದಾರಿ ಸರಿ. ಒಂದು ವರ್ಷ ಸಂಜೆ ಮತ್ತು ರಜೆಯ ದಿನಗಳಲ್ಲಿ ಸೇವೆ ಮಾಡಿ, ಸಾಧ್ಯವಾದರೆ ಕೆಲಸದ ಗಂಟೆಗಳನ್ನು ಕಡಿಮೆ ಮಾಡಿಸಿಕೊಳ್ಳಿ. ಕೆಲಸವೇ ಸೇವೆಗೆ ಅಡ್ಡ ಎಂಬುದು ಆಗ ಗಂಟೆಗಳ ಲೆಕ್ಕದಲ್ಲಿ ಕಾಣಿಸಿದರೆ ಬಿಡುವ ಮಾತು ಆಡಬಹುದು.

ಎಲ್ಲ ಬಿಟ್ಟು ಹೋದವರ ಕಥೆಗಳನ್ನೂ ಪೂರ್ತಿ ಓದಿ. ಯೇಸು ಕರೆದಾಗ ಯಾಕೋಬ ಯೋಹಾನರು ತಂದೆ ಜೆಬೆದಾಯನನ್ನು ದೋಣಿಯಲ್ಲಿ ಬಿಟ್ಟು ಹೋದರು, ಆದರೆ ಅವನ ಜೊತೆ ಕೂಲಿಯಾಳುಗಳಿದ್ದರು ಎಂದು ಮಾರ್ಕ ಹೇಳಲು ಮರೆಯುವುದಿಲ್ಲ (1:20). ಹೊಲ ಉಳುತ್ತಿದ್ದಾಗ ಪ್ರವಾದಿ ಎಲೀಯನಿಂದ ಕರೆ ಪಡೆದ ಎಲೀಷ ನೊಗವನ್ನೇ ಸೌದೆ ಮಾಡಿ ಎತ್ತುಗಳನ್ನು ಬೇಯಿಸಿ ಜನರಿಗೆ ಬಡಿಸಿದ. ಕೂಟಗಳಲ್ಲಿ ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ. ಆಮೇಲೆ ಅವನು ಮಾಡಿದ ಕೆಲಸ ಎಲೀಯನ ಕೈಗೆ ನೀರು ಹೊಯ್ಯುವುದು (2 ಅರಸು 3:11). ರಾಜೀನಾಮೆ ಕೊಟ್ಟ ಮರುದಿನ ಸಿಗುವುದು ಪ್ರಸಂಗಪೀಠವಲ್ಲ, ಕುರ್ಚಿ ಜೋಡಿಸುವ ಕೆಲಸ.

ಪ್ರಶ್ನೆ: ಜಾರ್ಜ್ ಮುಲ್ಲರ್ ಯಾರ ಹತ್ತಿರವೂ ಹಣ ಕೇಳದೆ ಪ್ರಾರ್ಥನೆಯಿಂದಲೇ ಅನಾಥಾಶ್ರಮ ನಡೆಸಿದರಲ್ಲ? ನಾವೂ ಹಾಗೆ ಏಕೆ ಮಾಡಬಾರದು?

ಉತ್ತರ: ಮಾಡಬಹುದು, ಆದರೆ ಅವರು ಮಾಡಿದ್ದನ್ನೆಲ್ಲ ಮಾಡಬೇಕು. 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಮೊದಲ ಮನೆ ತೆರೆದ ಮುಲ್ಲರ್, 1898ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸುಮಾರು 10,000 ಮಕ್ಕಳನ್ನು ಸಾಕಿದ್ದರು. ಹಣ ಕೇಳಲಿಲ್ಲ ಎಂಬ ಅರ್ಧ ಎಲ್ಲರಿಗೂ ಗೊತ್ತು. ಬಂದ ಪ್ರತಿ ಕಾಣಿಕೆಗೂ ರಸೀದಿ, ಪೈಸೆ ಪೈಸೆಯ ಲೆಕ್ಕ, ಮುದ್ರಿತ ವಾರ್ಷಿಕ ವರದಿ, ಸಾಲ ಮಾಡುವುದಿಲ್ಲ ಎಂಬ ನಿಯಮ, ಇದು ಉಳಿದ ಅರ್ಧ. ಕೈ ಬರಿದಾಗಿದ್ದ ಹೊತ್ತಿನಲ್ಲಿ, ವರದಿಯೇ ಕೇಳಿದಂತಾದೀತೆಂದು ಅದನ್ನು ಮುಂದೂಡಿದ್ದೂ ಉಂಟು. ‘ನಾನು ಯಾರನ್ನೂ ಕೇಳುವುದಿಲ್ಲ, ದೇವರಿಗೆ ಮಾತ್ರ ಹೇಳುತ್ತೇನೆ’ ಎಂದು ಮೈಕಿನಲ್ಲಿ ನೂರು ಜನರ ಮುಂದೆ ಹೇಳುವುದು ಕೇಳಿದಂತೆಯೇ ಲೆಕ್ಕ.

ಕೇಳುವುದು ತಪ್ಪೂ ಅಲ್ಲ. ಪೌಲ ಬೇರೆಯವರಿಗಾಗಿ ನೇರವಾಗಿ ಕೇಳಿದ, ತನಗೆ ಬಂದದ್ದಕ್ಕೆ ಫಿಲಿಪ್ಪಿಯವರಿಗೆ ವಂದನೆ ಹೇಳಿದ. ಮುಲ್ಲರ್ ಹಿಡಿದದ್ದು ಅವರಿಗೆ ಬಂದ ಕರೆ, ಎಲ್ಲರಿಗೂ ಹಾಕಿದ ಕಟ್ಟಳೆಯಲ್ಲ.

ಪ್ರಶ್ನೆ: ನನಗೆ ದೂರದ ಊರಿಗೆ ಸೇವೆಗೆ ಹೋಗುವ ಕರೆ ಇದೆ. ಹೆಂಡತಿ ಒಪ್ಪುತ್ತಿಲ್ಲ. ದೇವರಿಗೆ ವಿಧೇಯನಾಗಲೇ, ಹೆಂಡತಿಯ ಮಾತು ಕೇಳಲೇ?

ಉತ್ತರ: ಪ್ರಶ್ನೆಯನ್ನೇ ತಪ್ಪಾಗಿ ಕೇಳಿದ್ದೀರಿ. ಮದುವೆಯ ದಿನ ದೇವರ ಮುಂದೆ ಕೊಟ್ಟ ಮಾತೂ ದೇವರಿಗೆ ತೋರುವ ವಿಧೇಯತೆಯೇ. ಒಂದು ಆಜ್ಞೆಯನ್ನು ಇನ್ನೊಂದರ ತಲೆಯ ಮೇಲೆ ಕಾಲಿಟ್ಟು ಪಾಲಿಸಲಾಗದು.

ಮಿಷನರಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದಾಗ ಹೆಂಡತಿ ಡೊರೊತಿ ಮೊದಲು ಬರಲಾರೆ ಎಂದಿದ್ದರು, ಕೊನೇ ಗಳಿಗೆಯಲ್ಲಿ ತಂಗಿಯನ್ನು ಜೊತೆ ಮಾಡಿಕೊಂಡು ಹೊರಟರು. 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಡೊರೊತಿಯವರ ಮನಸ್ಸು ಕದಡಿಹೋಯಿತು, 1807ರಲ್ಲಿ ಸಾಯುವವರೆಗೂ ಸರಿಹೋಗಲಿಲ್ಲ. ಕೇರಿಯವರ ಕೆಲಸದ ಹಿರಿಮೆ ಇದರಿಂದ ಕಡಿಮೆಯಾಗುವುದಿಲ್ಲ, ಆದರೆ ಆ ಹಿರಿಮೆಯನ್ನು ಹೇಳುವಾಗ ಈ ಹೆಂಗಸನ್ನು ಬಿಟ್ಟು ಹೇಳುವುದು ನ್ಯಾಯವಲ್ಲ.

ಮಾಡಬೇಕಾದ್ದು ಇಷ್ಟು. ‘ಯಾಕೆ ಬೇಡ?’ ಎಂದು ಕೇಳಿ, ಉತ್ತರ ಮುಗಿಯುವವರೆಗೆ ವಚನ ಉಲ್ಲೇಖಿಸಬೇಡಿ. ಮಕ್ಕಳ ಓದು, ತವರಿನವರ ಕಾಯಿಲೆ, ಒಂಟಿತನದ ಭಯ, ನಿಮ್ಮ ಹಿಂದಿನ ಅರ್ಧಕ್ಕೆ ಬಿಟ್ಟ ಯೋಜನೆಗಳು, ಇದರಲ್ಲಿ ಯಾವುದು? ಒಂದೊಂದನ್ನೂ ಬೇರೆ ಬೇರೆಯಾಗಿ ಪರಿಹರಿಸಬಹುದು. ಇಬ್ಬರೂ ಸೇರಿ ಆ ಊರಿಗೆ ಹೋಗಿ ಎರಡು ವಾರ ಇದ್ದು ಬನ್ನಿ. ಅಲ್ಲಿರುವ ಸೇವಕರ ಹೆಂಡತಿಯ ಹತ್ತಿರ ನಿಮ್ಮವರು ಒಬ್ಬರೇ ಕೂತು ಮಾತಾಡಲಿ, ನೀವು ಆ ಕೋಣೆಯಲ್ಲಿ ಬೇಡ. ಆಮೇಲೆ ಆರು ತಿಂಗಳು ಈ ವಿಷಯವನ್ನು ಅವರ ಮುಂದೆ ಎತ್ತದೆ ಪ್ರಾರ್ಥನೆಯಲ್ಲಿ ಮಾತ್ರ ಎತ್ತಿ. ಕರೆ ನಿಜವಾಗಿದ್ದರೆ ಅದಕ್ಕೆ ಆರು ತಿಂಗಳಲ್ಲಿ ಏನೂ ಆಗುವುದಿಲ್ಲ.

ಪ್ರಶ್ನೆ: ಗಿದ್ಯೋನನ ಹಾಗೆ ಗುರುತು ಕೇಳಬಹುದೇ? ಚೀಟಿ ಎತ್ತಬಹುದೇ?

ಉತ್ತರ: ಇಸ್ರಾಯೇಲ್ಯರನ್ನು ಬಿಡಿಸಲು ಕರೆ ಬಂದಾಗ ಗಿದ್ಯೋನ, ಇಬ್ಬನಿ ಎಲ್ಲಿ ಬೀಳುವುದೆಂದು ನೋಡಿ ಗುರುತು ಪಡೆಯಲು ಕುರಿಯ ಉಣ್ಣೆ ಹಾಸಿದ್ದು ದೇವರ ಚಿತ್ತ ತಿಳಿಯಲು ಅಲ್ಲ. ಚಿತ್ತ ಆಗಲೇ ತಿಳಿದಿತ್ತು. ‘ನೀನು ಹೇಳಿದಂತೆ’ ಎಂದೇ ಅವನು ಶುರುಮಾಡುತ್ತಾನೆ (ನ್ಯಾಯ. 6:36–37). ಎರಡನೇ ಸಲ ಕೇಳುವಾಗ ಕೋಪಿಸಿಕೊಳ್ಳಬೇಡ ಎಂದು ಬೇಡಿಕೊಂಡ. ಅದು ಅವನ ಬಲಹೀನತೆಗೆ ದೇವರು ತೋರಿದ ತಾಳ್ಮೆ, ನಮಗೆ ಹಾಕಿಕೊಟ್ಟ ವಿಧಾನವಲ್ಲ. ಯೂದನ ಜಾಗಕ್ಕೆ ಚೀಟು ಹಾಕಿ ಮತ್ತೀಯನನ್ನು ಆರಿಸಿದ್ದು ಪವಿತ್ರಾತ್ಮನು ಇಳಿದುಬಂದ ಪಂಚಾಶತ್ತಮ ದಿನಕ್ಕೆ ಮುಂಚೆ (ಅ. ಕೃ. 1:26). ಪವಿತ್ರಾತ್ಮನು ಬಂದ ಮೇಲೆ ಸಭೆ ಹಾಗೆ ಮಾಡಿದ್ದು ಹೊಸ ಒಡಂಬಡಿಕೆಯಲ್ಲಿ ಎಲ್ಲೂ ಇಲ್ಲ.

ಪ್ರಶ್ನೆ: ದೇವರ ಮಾತಿನಂತೆ ಹೆಜ್ಜೆ ಇಟ್ಟೆವು. ಒಂದು ವರ್ಷದಲ್ಲಿ ಕಾಯಿಲೆ, ಹಣದ ಕೊರತೆ, ಜೊತೆಗಿದ್ದವರು ಬಿಟ್ಟುಹೋದರು. ತಪ್ಪಾಗಿ ಕೇಳಿಸಿಕೊಂಡೆವೇ?

ಉತ್ತರ: ಕಷ್ಟ ಬಂತು ಎಂಬುದೊಂದರಿಂದಲೇ ಹಾಗೆ ಹೇಳಲಾಗದು. ಅಬ್ರಾಮ 75ನೇ ವಯಸ್ಸಿನಲ್ಲಿ ಖಾರಾನ್ ಬಿಟ್ಟು ಕಾನಾನಿಗೆ ಬಂದ, ಅದೇ ಅಧ್ಯಾಯದಲ್ಲಿ ಕಾನಾನಿಗೆ ಬರ ಬಂತು. ಪೌಲನ ತಂಡ ಮಕೆದೋನ್ಯದ ದರ್ಶನಕ್ಕೆ ಓಗೊಟ್ಟು ಹೋಯಿತು. ಫಿಲಿಪ್ಪಿಯಲ್ಲಿ ಅವರಿಗೆ ಸಿಕ್ಕದ್ದು ಛಡಿ ಏಟು, ಸೆರೆಮನೆ, ಕಾಲಿಗೆ ಕೋಳ. ಹಾಗೆಂದು ಎಲ್ಲ ಸೋಲೂ ಶಿಲುಬೆಯಲ್ಲ. ಕೆಲವು ಸೋಲು ಬರೀ ತಪ್ಪು ಲೆಕ್ಕ.

ಬೇರ್ಪಡಿಸಲು ಹಳೆಯ ನೋಟ್‌ಬುಕ್ ತೆಗೆಯಿರಿ. ಹೊರಡುವ ಮುಂಚೆ ಯಾರಾದರೂ ಎಚ್ಚರಿಸಿದ್ದರೇ? ಅವರು ಹೇಳಿದ್ದೇ ಈಗ ಆಗಿದ್ದರೆ ತಪ್ಪು ಒಪ್ಪಿಕೊಳ್ಳಿ. ಜೊತೆಗಿದ್ದವರು ಬಿಟ್ಟು ಹೋದದ್ದು ಕಷ್ಟಕ್ಕೋ, ನಿಮ್ಮ ನಡತೆಗೋ? ಅವರನ್ನೇ ಕೇಳಿ, ಉತ್ತರ ಕಹಿಯಾಗಿದ್ದರೂ ಬರೆದುಕೊಳ್ಳಿ. ಕೊರತೆಯ ನಡುವೆಯೂ ಯಾರ ಸೇವೆಗೆ ಹೋದಿರೋ ಆ ಜನರಿಗೆ ಒಳಿತಾಗಿದೆಯೇ? ಇಲ್ಲಿ ‘ಹೌದು’ ಎನ್ನಲು ಒಂದೆರಡು ಹೆಸರಾದರೂ ಇದ್ದರೆ ಬಿಟ್ಟು ಬರುವ ಮುಂಚೆ ಸಾವಕಾಶವಾಗಿ ಯೋಚಿಸಿ.

ಹೆಚ್ಚಿನವರು ಎಡವುವುದು ಕರೆಯಲ್ಲಿ ಅಲ್ಲ, ಸಮಯದಲ್ಲಿ. ಅಬ್ರಾಮನಿಗೆ ಸಂತಾನದ ವಾಗ್ದಾನ ಸಿಕ್ಕಾಗ 75, ಇಸಾಕ ಹುಟ್ಟಿದಾಗ 100. ನಡುವಿನ 25 ವರ್ಷಗಳಲ್ಲಿ, 86ನೇ ವಯಸ್ಸಿಗೆ, ದಾಸಿ ಹಾಗರಳಿಂದ ಇಷ್ಮಾಯೇಲನಾದ. ವಾಗ್ದಾನವನ್ನು ಸಂದೇಹಿಸಿ ಅಲ್ಲ, ಅದಕ್ಕೆ ನೆರವಾಗಲು ಹೋಗಿ. ಏಳು ದಿನ ಕಾದು, ಸಮುವೇಲ ಇನ್ನೇನು ಬರುವಷ್ಟರಲ್ಲಿ ತಾನೇ ಯಜ್ಞ ಮಾಡಿದ ಅರಸ ಸೌಲನದೂ ಇದೇ ಕಥೆ (1 ಸಮು. 13). ದಾವೀದನನ್ನು ನೋಡಿ: ಅಭಿಷೇಕವಾಯಿತು, ಎದ್ದು ಕುರಿಗಳ ಹತ್ತಿರ ಹೋದ. ಅರಸನಾದಾಗ ವಯಸ್ಸು 30.

‘ನೀತಿವಂತನು ನಂಬಿಕೆಯಿಂದ ಬದುಕುವನು’ ಎಂಬ ಮಾತು ಹೊಸ ಒಡಂಬಡಿಕೆಯಲ್ಲಿ ಮೂರು ಕಡೆ ಬರುತ್ತದೆ (ರೋಮಾ. 1:17, ಗಲಾ. 3:11, ಇಬ್ರಿ. 10:38). ಅದರ ಮೂಲ ಹಬಕ್ಕೂಕ 2:4. ಬಾಬೆಲಿನ ದಂಡು ಬರಲಿದೆ, ಹಬಕ್ಕೂಕನ ಪ್ರಾರ್ಥನೆಗೆ ಬಂದ ಉತ್ತರ ಪ್ರಶ್ನೆಗಿಂತ ಭಯಂಕರವಾಗಿದೆ, ಆ ಹೊತ್ತಿನ ಮಾತು ಅದು. ಅಲ್ಲಿನ ‘ಎಮೂನಾ’ ಎಂಬ ಇಬ್ರಿಯ ಪದಕ್ಕೆ ನಂಬಿಕೆ ಎಂದೂ ನಂಬಿಗಸ್ತಿಕೆ ಎಂದೂ ಅರ್ಥ. ಅಂಜೂರ ಚಿಗುರದೆ, ಹಟ್ಟಿಯಲ್ಲಿ ದನವಿಲ್ಲದೆ ಹೋದಾಗಲೂ ದೇವರಲ್ಲಿ ಉಲ್ಲಾಸಿಸುವೆನು ಎಂದು ಆ ಪುಸ್ತಕ ಮುಗಿಯುತ್ತದೆ. ಅಲ್ಲಿ ದನಗಳು ವಾಪಸು ಬಂದವೆಂದು ಬರೆದಿಲ್ಲ.

ಪ್ರಶ್ನೆ: ನಂಬಿಕೆ ಇದ್ದರೆ ಸಕ್ಕರೆ ಕಾಯಿಲೆಯ ಔಷಧಿ ನಿಲ್ಲಿಸು ಎನ್ನುತ್ತಾರೆ. ನಿಲ್ಲಿಸದಿದ್ದರೆ ಅವಿಧೇಯತೆಯೇ?

ಉತ್ತರ: ಅಲ್ಲ. ನಿಲ್ಲಿಸಬೇಡಿ. ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ, ಒಂದು ಇಂಜೆಕ್ಷನನ್ನೂ ಬಿಡಬೇಡಿ. ಇನ್ಸುಲಿನ್ ಬೇಕಾದವರು ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ ಬರಬಹುದು. ಅರಸ ಹಿಜ್ಕೀಯನಿಗೆ ಗುಣವಾಗುವುದೆಂದು ದೇವರೇ ಹೇಳಿದ ಮೇಲೂ ಪ್ರವಾದಿ ಯೆಶಾಯ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿಸಿದ (2 ಅರಸು 20:5–7). ಲೂಕ ವೈದ್ಯನಾಗಿದ್ದ. ಪೌಲ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದ (2 ತಿಮೊ. 4:20), ಅವನಿಗೆ ನಂಬಿಕೆ ಸಾಲದು ಎಂದು ಬರೆಯಲಿಲ್ಲ. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿಯುತ್ತಾರೆ ಎಂದು ವಚನ ತೋರಿಸಿ ಹೇಳಿದವನು ಯಾರೆಂದು ಮತ್ತಾಯ 4ರಲ್ಲಿ ಇದೆ. ನಿಮಗೆ ಹೀಗೆ ಹೇಳಿದವರಿಗೆ ಅದನ್ನು ಓದಲು ಹೇಳಿ.

ಪ್ರಶ್ನೆ: ನಾನು ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಿದ್ದೇನೆ. ಸಾಕ್ಷಿ ಕೂಟಗಳಲ್ಲಿ ಎಲ್ಲರೂ ದೊಡ್ಡ ದೊಡ್ಡ ಕರೆಯ ಬಗ್ಗೆ ಹೇಳುವಾಗ ನನಗೆ ಕರೆಯೇ ಇಲ್ಲವೇನೋ ಅನಿಸುತ್ತದೆ.

ಉತ್ತರ: ತಂಗೀ, ತಂದೆ ತಾಯಿಗೆ ಕೊಡಬೇಕಾದ್ದನ್ನು ‘ಕೊರ್ಬಾನ್, ದೇವರಿಗೆ ಇಟ್ಟದ್ದು’ ಎಂದು ಹೇಳಿ ತಪ್ಪಿಸಿಕೊಂಡವರನ್ನು ಯೇಸು ಬಹಳ ಕಟುವಾಗಿ ಗದರಿಸಿದ (ಮಾರ್ಕ 7:9–13). ಅವರು ಧರ್ಮದ ಹೆಸರಿನಲ್ಲಿ ಬಿಟ್ಟದ್ದನ್ನು ನೀವು ದಿನವೂ ಮಾಡುತ್ತಿದ್ದೀರಿ. ದೆವ್ವಗಳ ಸೇನೆಯಿಂದ ಬಿಡುಗಡೆಯಾದವನು ದೋಣಿ ಹತ್ತಿ ಜೊತೆಗೆ ಬರುತ್ತೇನೆಂದು ಬೇಡಿಕೊಂಡ. ಯೇಸು ಒಪ್ಪಲಿಲ್ಲ, ಮನೆಗೆ ಹೋಗು ಎಂದ (ಮಾರ್ಕ 5:18–19). ಅದೂ ಕರೆಯೇ.

ಆದರೆ ಇದನ್ನು ಕೇಳಿ ನಿಮ್ಮ ಮನೆಯವರು ಎಲ್ಲ ಭಾರವನ್ನೂ ನಿಮ್ಮ ಮೇಲೆ ಹಾಕುವುದು ಬೇಡ. ವಾರದಲ್ಲಿ ಅರ್ಧ ದಿನ ಗಂಡನೋ ನಾದಿನಿಯೋ ಅತ್ತೆಯ ಹತ್ತಿರ ಕೂರಲಿ. ಸಭೆಯಿಂದ ಒಬ್ಬರು ಬರಲಿ, ನೀವೇ ಕೇಳಿ, ಹೇಳದೆ ಯಾರಿಗೂ ಹೊಳೆಯುವುದಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿದರೆ ಹುಣ್ಣಾಗುತ್ತದೆ, ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿಯ ಸರದಿಯನ್ನು ಒಬ್ಬರೇ ಹೊತ್ತರೆ ಮೊದಲು ನಿದ್ದೆ ಹೋಗುತ್ತದೆ, ಆಮೇಲೆ ತಾಳ್ಮೆ, ಆಮೇಲೆ ಪ್ರಾರ್ಥನೆ.

ಪ್ರಶ್ನೆ: ಇಪ್ಪತ್ತೈದು ವರ್ಷಗಳ ಹಿಂದೆ ಸ್ಪಷ್ಟವಾದ ಕರೆ ಇತ್ತು, ಹೋಗಲಿಲ್ಲ. ಈಗ ನಿವೃತ್ತಿಗೆ ಹತ್ತಿರ. ಈಗ ಹೋದರೆ ದೇವರು ಒಪ್ಪುತ್ತಾನೆಯೇ?

ಉತ್ತರ: ನಿಮ್ಮನ್ನು ಒಪ್ಪುತ್ತಾನೆ. ಅದೇ ಕೆಲಸವನ್ನು ಕೊಡುತ್ತಾನೆಯೇ ಎಂಬುದು ಬೇರೆ ಪ್ರಶ್ನೆ. ನಿನೆವೆ ಪಟ್ಟಣಕ್ಕೆ ಹೋಗೆಂದಾಗ ಓಡಿದ್ದ ಯೋನನಿಗೆ ಎರಡನೇ ಸಲ ಅದೇ ಮಾತು, ಅದೇ ನಿನೆವೆ. ಮೋಶೆ ಫರೋಹನ ಮುಂದೆ ನಿಂತಾಗ 80 ವರ್ಷ. ಪಂಫುಲ್ಯದಲ್ಲಿ ತಂಡವನ್ನು ಬಿಟ್ಟು ಹಿಂದಿರುಗಿದ ಮಾರ್ಕನನ್ನು ಕಟ್ಟಿಕೊಂಡು ಹೋಗಲಾರೆನೆಂದು ಪೌಲ ಜಗಳವಾಡಿದ. ಕೊನೆಯ ಪತ್ರದಲ್ಲಿ, ಅವನನ್ನು ಕರೆದುಕೊಂಡು ಬಾ, ಸೇವೆಗೆ ಉಪಯುಕ್ತನಾಗಿದ್ದಾನೆ ಎಂದ (2 ತಿಮೊ. 4:11).

ಇನ್ನೊಂದು ಬಗೆಯ ಕಥೆಯೂ ಇದೆ, ಅದನ್ನು ಮುಚ್ಚಿಡಬಾರದು. ಕಾನಾನಿಗೆ ಹೋಗಿರಿ ಎಂದಾಗ ಇಸ್ರಾಯೇಲ್ಯರು ಹೋಗಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ‘ಈಗ ಹೋಗುತ್ತೇವೆ’ ಎಂದು ಬೆಟ್ಟ ಹತ್ತಿದರು. ಯೆಹೋವನು ನಿಮ್ಮೊಂದಿಗಿಲ್ಲ ಎಂದು ಮೋಶೆ ತಡೆದರೂ ಕೇಳಲಿಲ್ಲ. ಹೊರ್ಮಾದ ತನಕ ಹೊಡೆಸಿಕೊಂಡು ಓಡಿದರು (ಅರಣ್ಯ. 14:40–45). ನಿನ್ನೆಯ ಆಜ್ಞೆಯನ್ನು ಇಂದು ಪಾಲಿಸಲು ಹೋದದ್ದೂ ಅವಿಧೇಯತೆಯೇ ಆಯಿತು, ಏಕೆಂದರೆ ಇಂದಿನ ಆಜ್ಞೆ ಬೇರೆಯಾಗಿತ್ತು.

ಹಾಗಾಗಿ ಹಳೆಯ ಕರೆಯನ್ನು ಪಾಪನಿವೇದನೆಯಲ್ಲಿ ಒಮ್ಮೆ ಹೇಳಿ ಮುಗಿಸಿ, ದಿನವೂ ಕೆರೆಯಬೇಡಿ. ಈಗ ನಿಮ್ಮ ಕೈಯಲ್ಲಿ ಏನಿದೆ ಎಂದು ಎಣಿಸಿ: ಇಪ್ಪತ್ತೈದು ವರ್ಷದ ಕಸುಬಿನ ಅನುಭವ, ನಿವೃತ್ತಿ ವೇತನ, ನಿಮ್ಮ ಮಾತಿಗೆ ಬೆಲೆ ಕೊಡುವ ಕೆಲವು ಮಂದಿ. ಅಂದು ಹೋಗಬೇಕಿದ್ದ ಕ್ಷೇತ್ರದಲ್ಲಿ ಇಂದು ಕೆಲಸ ಮಾಡುತ್ತಿರುವವರಿಗೆ ಪತ್ರ ಬರೆಯಿರಿ. ‘ನಾನು ಬರಲೇ?’ ಎನ್ನಬೇಡಿ, ‘ನಿಮಗೆ ಏನು ಬೇಕು?’ ಎಂದು ಕೇಳಿ. ಲೆಕ್ಕಪತ್ರ ನೋಡುವವರು ಬೇಕು ಎಂಬ ಉತ್ತರ ಬಂದರೆ ನಿರಾಶರಾಗದೆ ಒಪ್ಪಿಕೊಳ್ಳಿ, ವರ್ಷಕ್ಕೆ ಎರಡು ತಿಂಗಳು ಹೋಗಿ ಮಾಡಿಕೊಟ್ಟು ಬನ್ನಿ.